ವಾಟ್ಸಾಪ್‌ನಿಂದ ಮ್ಯಾಟ್ರಿಕ್ಸ್‌ಗೆ ಸೇತುವೆ

ಜಿಮೇಲ್‌ನಿಂದ ಯಾಹೂಗೆ ಪತ್ರ ಸಲೀಸಾಗಿ ಹೋಗುತ್ತದೆ. ವಾಟ್ಸಾಪ್‌ನಿಂದ ಟೆಲಿಗ್ರಾಂಗೆ ಒಂದು ಸಾಲೂ ಹೋಗದು. ಪ್ರತಿ ಕಂಪನಿಯೂ ತನ್ನ ಬಳಕೆದಾರರ ಸುತ್ತ ಬೇಲಿ ಹಾಕಿಕೊಂಡಿರುವುದೇ ಇದಕ್ಕೆ ಕಾರಣ.

2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಎಂಬ ಮುಕ್ತ ಪ್ರೋಟೊಕಾಲ್‌ಗೆ ಅಂಥ ಬೇಲಿಯಿಲ್ಲ. ಸಿನಾಪ್ಸ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ಈ ಜಾಲ ಸೇರಬಹುದು. ಅದರ ಪಕ್ಕದಲ್ಲಿ ಸೇತುವೆಯ ತಂತ್ರಾಂಶವನ್ನೂ ಓಡಿಸಿದರೆ ವಾಟ್ಸಾಪ್ ಗುಂಪಿನ ಮಾತುಗಳು ಮ್ಯಾಟ್ರಿಕ್ಸ್‌ಗೆ ಬರುತ್ತವೆ, ಇಲ್ಲಿನ ಉತ್ತರಗಳು ಅಲ್ಲಿಗೆ ಹೋಗುತ್ತವೆ.

ಅಳವಡಿಸುವ ಕೆಲಸ ದೊಡ್ಡದಲ್ಲ. ಸೇತುವೆ ಒಂದು ನೋಂದಣಿ ಕಡತ ತಯಾರಿಸುತ್ತದೆ. ಅದರಲ್ಲಿ ಎರಡು ಗುಪ್ತ ಟೋಕನ್‌ಗಳಿರುತ್ತವೆ: ಒಂದರಿಂದ ಸರ್ವರ್ ಸೇತುವೆಯನ್ನು ಗುರುತಿಸುತ್ತದೆ, ಇನ್ನೊಂದರಿಂದ ಸೇತುವೆ ಸರ್ವರನ್ನು. ಕಡತದ ವಿಳಾಸವನ್ನು ಸಿನಾಪ್ಸ್‌ಗೆ ತಿಳಿಸಿ ಮರುಚಾಲನೆ ಮಾಡಬೇಕು. ಆಮೇಲೆ ಫೋನಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ವಾಟ್ಸಾಪ್ ವೆಬ್‌ನಂತೆ ಸೇತುವೆಯೂ ನಿಮ್ಮ ಖಾತೆಗೆ ಸೇರಿದ ಒಂದು ಸಾಧನವಾಗುತ್ತದೆ. ಫೋನನ್ನು 14 ದಿನ ಬಳಸದೆ ಬಿಟ್ಟರೆ ನಂಟು ಕಡಿಯುತ್ತದೆ.

ನಿಜವಾದ ಜಾಣ್ಮೆ ಇರುವುದು ಇನ್ನು ಮುಂದೆ. ಗುಂಪಿನ ಪ್ರತಿ ಸದಸ್ಯನಿಗೂ ಸೇತುವೆ ಮ್ಯಾಟ್ರಿಕ್ಸ್‌ನಲ್ಲಿ ಒಂದು ಸೂತ್ರದ ಬೊಂಬೆಯಂಥ ಖಾತೆ ಕಟ್ಟುತ್ತದೆ. ಹಾಗಾಗಿ ಮಾತು ಆಡಿದವರ ಹೆಸರಿನಲ್ಲೇ ಕಾಣಿಸುತ್ತದೆ. ಆ ಖಾತೆಗಳ ಮಾತನ್ನು ಸೇತುವೆ ಮತ್ತೆ ವಾಟ್ಸಾಪ್‌ಗೆ ಕಳಿಸಕೂಡದು. ಕಳಿಸಿದರೆ ಒಂದೇ ಸಂದೇಶ ಕೊನೆಯಿಲ್ಲದೆ ಸುತ್ತುತ್ತದೆ. ಎರಡೂ ಕಡೆಯ ಸಂದೇಶ ಸಂಖ್ಯೆಗಳ ಜೋಡಿಪಟ್ಟಿಯನ್ನೂ ಅದು ಇಟ್ಟುಕೊಳ್ಳುತ್ತದೆ. ಯಾವ ಮಾತಿಗೆ ಯಾವುದು ಉತ್ತರ, ಯಾವುದು ಅಳಿಸಿದ್ದು ಎಂದು ತಿಳಿಯುವುದು ಅದರಿಂದಲೇ.

ಆದರೆ ಎಚ್ಚರ ಬೇಕಾದದ್ದು ಗೂಢಲಿಪಿಯ ವಿಷಯದಲ್ಲಿ. ವಾಟ್ಸಾಪ್ ಸಂದೇಶದ ಬೀಗ ತೆಗೆಯದೆ ಸೇತುವೆ ಅದನ್ನು ದಾಟಿಸಲಾರದು. ಮ್ಯಾಟ್ರಿಕ್ಸ್ ಕಡೆ ಮತ್ತೆ ಬೀಗ ಹಾಕಿದರೂ ನಡುವೆ ಒಂದು ಕ್ಷಣ ಮಾತು ಬಯಲಾಗಿಯೇ ಇರುತ್ತದೆ. ಸರ್ವರ್ ಯಾರ ಕೈಯಲ್ಲಿದೆಯೋ ಅವರು ಅದನ್ನು ಓದಬಲ್ಲರು. ಪರರ ಸೇತುವೆ ಬಳಸುವುದಕ್ಕಿಂತ ಸ್ವಂತದ್ದು ಮೇಲು ಎಂದು ನಾನು ಹೇಳುವುದು ಇದಕ್ಕೇ. ಅನಧಿಕೃತ ತಂತ್ರಾಂಶವನ್ನು ವಾಟ್ಸಾಪ್ ನಿಯಮಗಳು ಒಪ್ಪುವುದಿಲ್ಲ, ಖಾತೆ ರದ್ದಾಗಲೂಬಹುದು ಎಂಬುದೂ ನೆನಪಿರಲಿ.

ಸರ್ವರ್ ನಿಮ್ಮದಾದರೂ ಗುಂಪಿನ ಮಾತು ಎಲ್ಲರದು. ಸೇತುವೆ ಹಾಕುವ ಮುನ್ನ ದಯವಿಟ್ಟು ಗುಂಪಿನವರಿಗೆ ಹೇಳಿ, ಒಪ್ಪಿಗೆ ಪಡೆಯಿರಿ.