ಬಾಲ್ಕನ್ ನಾಡುಗಳ ಹೊಸ ಗೋಷ್ಠಿವಾದನ

ಬಾಲ್ಕನ್ ನಾಡುಗಳೆಂದರೆ ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ಮೊದಲು ನೆನಪಿಗೆ ಬರುವುದು ಯುದ್ಧಗಳು. 1912 ಮತ್ತು 1913ರ ಬಾಲ್ಕನ್ ಯುದ್ಧಗಳು, 1914ರಲ್ಲಿ ಸಾರಾಯೆವೋ ನಗರದಲ್ಲಿ ಹಾರಿದ ಗುಂಡು, 1990ರ ದಶಕದಲ್ಲಿ ಯುಗೋಸ್ಲಾವಿಯವು ಒಡೆದುಹೋದಾಗ ನಡೆದ ಕೊಲೆಗಳು, ಇವಿಷ್ಟೇ ಪತ್ರಿಕೆಗಳು ನಮಗೆ ತಲಪಿಸಿದ ವರ್ತಮಾನ. ಬಲ್ಗೇರಿಯ, ರೊಮೇನಿಯ, ಸೆರ್ಬಿಯ, ಮ್ಯಾಸಿಡೋನಿಯ, ಗ್ರೀಸ್ ಮೊದಲಾದ ಈ ನಾಡುಗಳಲ್ಲಿ ಈಚಿನ ನೂರು ವರ್ಷಗಳಲ್ಲಿ ಬಹು ಸ್ವಾರಸ್ಯವಾದ ಹೊಸ ಸಂಗೀತವು ಹುಟ್ಟಿ ಬೆಳೆದಿದೆಯೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕನ್ನಡಿಗನಾದ ಶ್ರೋತೃವು ಆ ಸಂಗೀತವನ್ನು ಹೇಗೆ ಕೇಳಬಹುದು, ಅದರಲ್ಲಿ ಅವನಿಗೆ ಸುಲಭವಾದುದು ಯಾವುದು, ಕಷ್ಟವಾದುದು ಯಾವುದು ಎಂಬುದನ್ನು ಈ ಭಾಷಣದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಅನ್ಯದೇಶದ ಹೊಸ ಸಂಗೀತಕ್ಕೆ ಕಿವಿಗೊಡುವುದು ಮೈಸೂರು ಸೀಮೆಗೆ ಅಪರಿಚಿತವಾದ ಕಾರ್ಯವೇನೂ ಅಲ್ಲ. ಶ್ರೀ ಜಯಚಾಮರಾಜ ಒಡೆಯರವರು ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕೆ 1940ರ ದಶಕದ ಕೊನೆಯ ವರ್ಷಗಳಲ್ಲಿ ಧನಸಹಾಯ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೇ ಅರ್ಪಿಸಿದರು. ಆದರೆ ಅರಮನೆಯ ಆ ಔದಾರ್ಯವು ಅರಮನೆಯ ಹೊರಗಣ ಕಿವಿಗಳನ್ನು ಎಷ್ಟು ಮಟ್ಟಿಗೆ ಮುಟ್ಟಿತೆಂಬುದು ಬೇರೆ ಮಾತು. ನಾವು ಈಗ ಹೇಳಹೊರಟಿರುವುದು ಅರಮನೆಯ ವಿಷಯವಲ್ಲ. ಕಂದಿಕೆರೆಯ ಒಂದು ಮನೆಯ ಪಡಸಾಲೆಯಲ್ಲಿ ಧ್ವನಿಮುದ್ರಿಕೆಗಳ ಮೂಲಕ ನಡೆದ ಒಂದು ಸಣ್ಣ ಕಚೇರಿಯ ವಿಷಯ.

ಕಂದಿಕೆರೆಯು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ತೆಂಗಿನ ಸೀಮೆಯಲ್ಲಿರುವ ಊರು. ನಮ್ಮ ಬಂಧುಗಳ ಮನೆ ಅಲ್ಲಿದೆ. ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿಗಳು, ಅದರ ಕೆಳಗೆ ಹತ್ತು ಹನ್ನೆರಡು ಮಂದಿ ಕೂರಬಹುದಾದ ಪಡಸಾಲೆ. ಪೇಟೆಯಿಂದ ಬಂದ ನಾಲ್ವರು ಸಂಗೀತಾಸಕ್ತರೂ ಮನೆಯವರೂ ಅಲ್ಲಿ ಕೂಡಿದ್ದೆವು. ನೆರೆಯ ಹಳ್ಳಿಯ ಓಲಗದ ಹಿರಿಯರೊಬ್ಬರು, ಐವತ್ತು ವರ್ಷ ನಾಗಸ್ವರ ಊದಿದವರು, ಬೇರೆ ಕೆಲಸದ ಮೇಲೆ ಬಂದಿದ್ದವರು ಜಗಲಿಯ ಮೇಲೆಯೇ ಕುಳಿತರು. ಒಳಗೆ ಬನ್ನಿರೆಂದು ಎರಡು ಸಾರಿ ಕರೆಯಬೇಕಾಯಿತು. ಆಗಲೂ ಅವರು ಹೊಸ್ತಿಲಿನ ಪಕ್ಕದಲ್ಲೇ ಕುಳಿತುಕೊಂಡರು.

ಗೋಷ್ಠಿವಾದನವೆಂಬ ಹೆಸರನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪಾಶ್ಚಾತ್ಯರು ಚೇಂಬರ್ ಸಂಗೀತವೆಂದು ಕರೆಯುವುದು ಇದನ್ನೇ. ನೂರು ಜನ ವಾದಕರ ಮೇಳವನ್ನು ಒಬ್ಬನು ಕೋಲು ಹಿಡಿದು ನಡೆಸುವ ಸಂಗೀತ ಇದಲ್ಲ. ಇಬ್ಬರು, ಮೂವರು, ನಾಲ್ವರು ಒಂದು ಕೊಠಡಿಯಲ್ಲಿ ಕುಳಿತು ನುಡಿಸತಕ್ಕದ್ದು. ಒಂದೊಂದು ಭಾಗಕ್ಕೆ ಒಬ್ಬನೇ ವಾದಕ. ಹದಿನೆಂಟನೆಯ ಶತಮಾನದಲ್ಲಿ ಹೈಡನ್ ಎಂಬ ಆಸ್ಟ್ರಿಯದ ವಿದ್ವಾಂಸರು ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಮಂದ್ರಸ್ಥಾಯಿಯ ಒಂದು ಚೆಲ್ಲೋ ಎಂಬ ನಾಲ್ಕು ವಾದ್ಯಗಳ ಗೋಷ್ಠಿಯನ್ನು ಪರಿಪಕ್ವ ಸ್ಥಿತಿಗೆ ತಂದರು. ನಮ್ಮ ಕಚೇರಿಯಲ್ಲಿ ಗಾಯಕನು ಮುಂದೆ, ಪಿಟೀಲು ಅವನ ಹಿಂದೆ, ಮೃದಂಗವು ಇಬ್ಬರಿಗೂ ಆಧಾರ. ಆ ಗೋಷ್ಠಿಯಲ್ಲಿ ಹೀಗೆ ನಿಯತವಾದ ಯಜಮಾನಿಕೆ ಇಲ್ಲ. ಈಗ ಒಂದು ವಾದ್ಯದ ಸರದಿ, ಮರುಗಳಿಗೆಗೆ ಇನ್ನೊಂದರದು. ಆದುದರಿಂದ ಯಾವ ವಾದ್ಯವನ್ನು ಹಿಂಬಾಲಿಸಬೇಕೆಂದು ತೋರದೆ ನಮ್ಮ ಶ್ರೋತೃವು ಮೊದಮೊದಲು ಕಂಗೆಡುವುದು ಸಹಜ. ಚೆಲ್ಲೋ ಒಂದನ್ನೇ ಹಿಡಿದು ಕೇಳುತ್ತ ಹೋದರೆ ಉಳಿದವು ತಾವಾಗಿಯೇ ಬಿಡಿಬಿಡಿಯಾಗಿ ಕೇಳಿಸತೊಡಗುವುದೆಂದು ನಮ್ಮ ಅನುಭವ.

ಕಚೇರಿಯ ಆರಂಭಕ್ಕೆ ನಾವು ಹಾಕಿದ್ದು ಗೋಷ್ಠಿವಾದನವಲ್ಲ, ಬಲ್ಗೇರಿಯದ ಹಳ್ಳಿಯ ಒಂದು ಕುಣಿತದ ಗತ್ತು. ರಾಚೆನಿತ್ಸಾ ಎಂದು ಅದರ ಹೆಸರು, ಮದುವೆಮನೆಗಳಲ್ಲಿ ಕುಣಿಯುವಂಥದು. ಇದರ ಆವರ್ತಕ್ಕೆ ಏಳು ಮಾತ್ರೆ, ಎರಡು, ಎರಡು, ಮೂರು ಎಂಬ ವಿಭಾಗ. ನಡೆಯು ಬಹು ದ್ರುತವಾದುದರಿಂದ ಕುಣಿಯುವವರು ಏಳನ್ನು ಎಣಿಸುವುದಿಲ್ಲ. ಎರಡು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ ಎಂದೇ ಅವರ ಲೆಕ್ಕ. ಪೇಟೆಯ ಮಿತ್ರರಲ್ಲಿ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿದ್ದ ಒಬ್ಬರು ನಾಲ್ಕರ ತಾಳ ಹಾಕಹೋಗಿ ಎರಡು ಸಾರಿ ತಪ್ಪಿದರು. ಹೊಸ್ತಿಲಿನ ಬಳಿಯಿದ್ದ ಹಿರಿಯರ ಕೈ ಮೂರನೆಯ ಆವರ್ತಕ್ಕೇ ತೊಡೆಯ ಮೇಲೆ ಸರಿಯಾಗಿ ಬೀಳತೊಡಗಿತು. "ಛಾಪು ತಾನೇ ಸ್ವಾಮಿ, ತಿರುಗಿಸಿ ಹಾಕವ್ರೆ" ಎಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ನಮ್ಮ ಮಿಶ್ರಛಾಪು ತಾಳಕ್ಕೆ ಮೂರು ಮತ್ತು ನಾಲ್ಕು ಎಂಬ ವಿಭಾಗ; ತಕಿಟ ತಕದಿಮಿ. ಅದನ್ನು ತಿರುಗಿಸಿ ತಕದಿಮಿ ತಕಿಟ ಎಂದರೆ ವಿಲೋಮ ಛಾಪು. ರಾಚೆನಿತ್ಸಾದ ನಡೆಯೂ ಅದೇ. ಮ್ಯಾಸಿಡೋನಿಯದ ಲೆಸ್ನೋತೋ ಎಂಬ ಕುಣಿತವೂ ಗ್ರೀಸಿನ ಕಲಾಮತಿಯಾನೋಸ್ ಎಂಬುದೂ ಮೂರು, ಎರಡು, ಎರಡು. ಅಂದರೆ ನೇರವಾದ ಮಿಶ್ರಛಾಪು. ಬಲ್ಗೇರಿಯದಲ್ಲಿ ಪೈದುಷ್ಕೋ ಎಂಬುದುಂಟು, ಎರಡು ಮತ್ತು ಮೂರು. ಅದು ನಮ್ಮ ಖಂಡಛಾಪು. ದೇವರನಾಮಗಳನ್ನು ಛಾಪುತಾಳದಲ್ಲಿ ಕೇಳಿ ಬೆಳೆದ ಕನ್ನಡ ಮನೆಯ ಮಗುವಿಗೆ ಇವುಗಳಲ್ಲಿ ವಿಚಿತ್ರವೆನ್ನಿಸುವಂಥದು ಏನೂ ಇಲ್ಲ. ಆದರೆ ಸಮವಿಭಾಗದ ತಾಳಗಳಿಗೆ ಒಗ್ಗಿದ ಪಶ್ಚಿಮ ಯೂರೋಪಿನ ಕಿವಿಗೆ ಇವು ಎಡವಿದಂತೆ ಕೇಳಿಸಿದವು. ವಿದ್ವಾಂಸರು ಇವಕ್ಕೆ ಇಟ್ಟ ಅಕ್ಸಾಕ್ ಎಂಬ ತುರ್ಕಿ ಹೆಸರಿಗೆ ಕುಂಟುವುದು ಎಂದರ್ಥ. ಆ ಹೆಸರನ್ನು ವಿವರಿಸಿದಾಗ ಹಿರಿಯರು ನಕ್ಕರು.

ಇಲ್ಲಿ ಬೇಲ ಬಾರ್ಟೋಕ್ ಅವರ ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾಗದು. 1881ರಲ್ಲಿ ಹುಟ್ಟಿ 1945ರಲ್ಲಿ ತೀರಿಕೊಂಡ ಈ ಹಂಗೆರಿಯ ವಾಗ್ಗೇಯಕಾರರು ಬಾಲ್ಕನ್ ನಾಡಿನವರಲ್ಲವಾದರೂ ಆ ನಾಡುಗಳ ಸಂಗೀತವನ್ನು ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಮುಖ್ಯರು. ಅವರ ಕಾಲಕ್ಕೆ ಅವರಷ್ಟು ಸೂಕ್ಷ್ಮವಾದ ಕಿವಿಯುಳ್ಳವರು ಯೂರೋಪಿನಲ್ಲಿ ವಿರಳ. ಅವರು ಫೋನೋಗ್ರಾಫ್ ಯಂತ್ರವನ್ನು ಹೊತ್ತು ರೊಮೇನಿಯದವರ ಹಳ್ಳಿಗಳನ್ನು ಸುತ್ತಿ ಸಾವಿರಾರು ಹಾಡುಗಳನ್ನು ಮೇಣದ ಕೊಳವೆಗಳಲ್ಲಿ ಮುದ್ರಿಸಿಕೊಂಡು, ಸ್ವರಲಿಪಿಗೆ ಇಳಿಸಿದರು. ಹೀಗೆ ಇಳಿಸುವಾಗ ಗಿಡ್ಡ ಉದ್ದ ಹೆಜ್ಜೆಯ ಎಷ್ಟೋ ಹಾಡುಗಳನ್ನು ಸಮತಾಳದಲ್ಲಿಯೇ ಬರೆದುಬಿಟ್ಟರು. ಹಳ್ಳಿಯವರು ವಿಷಮವಾಗಿ ಹಾಡಿದ್ದು ಅವರ ಕಿವಿಗೆ ಸಮವಾಗಿಯೇ ಬಿದ್ದಿತ್ತು. ಎಷ್ಟೋ ವರ್ಷಗಳ ಮೇಲೆ, ಬಲ್ಗೇರಿಯದ ವಿದ್ವಾಂಸರು ತಮ್ಮ ನಾಡಿನ ತಾಳಗಳ ವಿಷಯವಾಗಿ ಪ್ರಕಟಿಸಿದುದನ್ನು ಓದಿ, ತಮ್ಮ ಹಳೆಯ ಮುದ್ರಿಕೆಗಳನ್ನೇ ಮತ್ತೆ ಹಾಕಿ ಕೇಳಿದರು. ಆಗ ತಮ್ಮ ತಪ್ಪು ಅವರಿಗೆ ಗೋಚರವಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ಬರೆಹಗಳನ್ನು ತಿದ್ದಿದುದಲ್ಲದೆ 1938ರಲ್ಲಿ ಈ ವಿಷಯದ ಮೇಲೆಯೇ ಉಪನ್ಯಾಸ ಮಾಡಿ ಬಹಿರಂಗವಾಗಿ ಒಪ್ಪಿಕೊಂಡರು. 1934ರಲ್ಲಿ ರಚಿಸಿದ ಅವರ ಐದನೆಯ ಚತುರ್ವಾದ್ಯದ ಮೂರನೆಯ ಭಾಗಕ್ಕೆ ಬಲ್ಗೇರಿಯದ ರೀತಿಯಲ್ಲಿ ಎಂದು ಶಿರೋನಾಮೆ. ಅಲ್ಲಿ ಮಾತ್ರೆಗಳು ನಾಲ್ಕು, ಎರಡು, ಮೂರು ಎಂದು ಒಂಬತ್ತಾಗಿ ಸಾಗಿ, ನಡುವೆ ಮೂರು, ಎರಡು, ಎರಡು, ಮೂರು ಎಂದು ಹತ್ತಕ್ಕೆ ತಿರುಗುತ್ತವೆ. ನಾವು ಎರಡನೆಯದಾಗಿ ಹಾಕಿದ್ದು ಇದನ್ನೇ. ಹತ್ತಕ್ಕೆ ತಿರುಗುವ ಸ್ಥಳದಲ್ಲಿ ಹಿರಿಯರ ಕೈಯೂ ಕ್ಷಣಕಾಲ ನಿಂತಿತೆಂಬುದನ್ನು ಸತ್ಯಕ್ಕಾಗಿ ಹೇಳಬೇಕು.

ಮೂರನೆಯದು ರೊಮೇನಿಯದ ಜಾರ್ಜ್ ಎನೆಸ್ಕು ಅವರ ಪಿಟೀಲು ಮತ್ತು ಪಿಯಾನೋಗಳ ಮೂರನೆಯ ಸೊನಾಟಾ, 1926ರದು. ಎನೆಸ್ಕು ಸ್ವತಃ ಅಪ್ರತಿಮ ಪಿಟೀಲು ವಾದಕರು. ಇವರ ಶಿಷ್ಯರಾದ ಯೆಹೂದಿ ಮೆನುಹಿನ್ನರು ಈ ಕೃತಿಯನ್ನು ತಮ್ಮ ಸೋದರಿಯೊಡನೆ 1936ರಲ್ಲಿ ಧ್ವನಿಮುದ್ರಿಸಿದರು. (1952ರಲ್ಲಿ ಭಾರತಕ್ಕೆ ಬಂದಾಗ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರಿಂದ ಯೋಗಾಭ್ಯಾಸ ಹೇಳಿಸಿಕೊಂಡ ಮೆನುಹಿನ್ನರೇ ಇವರು.) ಈ ಸೊನಾಟಾದಲ್ಲಿ ಹಳ್ಳಿಯಿಂದ ಎತ್ತಿಕೊಂಡ ಮಟ್ಟು ಒಂದೂ ಇಲ್ಲ. ಎನೆಸ್ಕು ಎತ್ತಿಕೊಂಡದ್ದು ನುಡಿಸುವ ರೀತಿಯನ್ನು. ಸ್ವರದಿಂದ ಸ್ವರಕ್ಕೆ ಜಾರುವುದು, ಸ್ವರಕ್ಕೆ ಅರ್ಧದಷ್ಟೂ ಇಲ್ಲದ ಅಂತರದಲ್ಲಿ ಅಲುಗುವುದು, ಕಮಾನಿನ ತುದಿಯಿಂದ ಪಿಸುಗುಟ್ಟುವುದು ಮುಂತಾಗಿ, ನಾವು ಗಮಕವೆಂದು ಗುರುಮುಖದಿಂದ ಕಲಿಯುವುದೆಲ್ಲವನ್ನೂ ಕಾಗದದ ಮೇಲೆ ಚಿಹ್ನೆಗಳಿಂದ ಗುರುತಿಸಿದ್ದಾರೆ. ಪುಟದಲ್ಲಿ ಚಿಹ್ನೆಯಿಲ್ಲದ ಸ್ವರವನ್ನು ಹುಡುಕಬೇಕಾಗುತ್ತದೆ. ಎರಡನೆಯ ಭಾಗದ ಆರಂಭದಲ್ಲಿ ಪಿಯಾನೋ ಒಂದೇ ಸ್ವರವನ್ನು ಬಿಡದೆ ಮಿಡಿಯುತ್ತಿರಲು ಅದರ ಮೇಲೆ ಪಿಟೀಲು ಕೊಳಲಿನಂತೆ ತೆಳುವಾಗಿ ನುಡಿಯುವುದನ್ನು ಕೇಳಿದವರು ಶ್ರುತಿ ಹಿಡಿದು ಆಲಾಪನೆ ಮಾಡುತ್ತಿರುವರೆಂದೇ ಭಾವಿಸಿಯಾರು.

ಆ ನುಡಿಸುವ ರೀತಿ ಯಾರದು? ಲಾವುತಾರ್ ಎಂದು ಕರೆಯಲ್ಪಡುವ ವೃತ್ತಿವಾದಕರದು. ಇವರಲ್ಲಿ ಬಹುಪಾಲು ರೋಮಾ ಜನ. ಮದುವೆಯಾಗಲಿ ಹಬ್ಬವಾಗಲಿ ಅವರಿಲ್ಲದೆ ನಡೆಯುತ್ತಿರಲಿಲ್ಲ. ಆದರೂ 1855 ಮತ್ತು 1856ರಲ್ಲಿ ಮೊಲ್ದಾವಿಯ ಮತ್ತು ವಲಾಕಿಯ ಸಂಸ್ಥಾನಗಳಲ್ಲಿ ಕಾನೂನು ಆಗುವವರೆಗೆ ಅಲ್ಲಿಯ ರೋಮಾ ಜನರಲ್ಲಿ ಅನೇಕರು ಗುಲಾಮರಾಗಿದ್ದರು. ಎನೆಸ್ಕು ಹುಟ್ಟಿದ 1881ನೆಯ ಇಸವಿಯಲ್ಲಿ, ಗುಲಾಮರಾಗಿ ಹುಟ್ಟಿದ ವಾದಕರು ಇನ್ನೂ ಬದುಕಿದ್ದ ಕಾಲ. ಈ ಸಂಗತಿಯನ್ನು ನಾವು ಹೇಳುತ್ತಿದ್ದಾಗ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಓಲಗದವರಿಲ್ಲದೆ ನಮ್ಮಲ್ಲಿ ಧಾರೆ ನಡೆಯುವುದಿಲ್ಲ. ಅವರ ಊಟದ ಪಂಕ್ತಿ ಎಲ್ಲಿ ಬೀಳುತ್ತಿತ್ತೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿರಿಯರು ಮಾತ್ರ, "ಆಮೇಲೆ ಏನ್ ಹಾಕ್ತೀರಿ?" ಎಂದು ಕೇಳಿದರು.

ನಿಜವಾದ ತೊಡಕು ಬಂದದ್ದು ಆಮೇಲೆಯೇ. ಸೋಫಿಯ ನಗರದ ಸುತ್ತಲಿನ ಷೋಪ್ ಎಂಬ ಸೀಮೆಯಲ್ಲಿ ಹೆಂಗಸರು ಎರಡು ದನಿಯಲ್ಲಿ ಹಾಡುತ್ತಾರೆ. ಒಂದು ದನಿ ಆಧಾರಸ್ವರವನ್ನು ಹಿಡಿದು ನಿಲ್ಲುವುದು. ಇನ್ನೊಂದು ಅದಕ್ಕೆ ಒತ್ತಿಕೊಂಡು, ಷಡ್ಜದ ಮಗ್ಗುಲಿಗೆ ರಿಷಭವಿದ್ದಂತೆ ನಿಲ್ಲುವುದು. ಬಿಸ್ತ್ರಿತ್ಸ ಗ್ರಾಮದ ವೃದ್ಧೆಯರ ಇಂಥ ಗಾಯನಕ್ಕೆ 2005ರಲ್ಲಿ ಯುನೆಸ್ಕೋ ಸಂಸ್ಥೆಯ ಮನ್ನಣೆಯೂ ದೊರೆಯಿತು. ಬಾಲ್ಕನ್ ನಾಡುಗಳ ಹೊಸ ರಚನೆಗಳನ್ನು ಕೇಳುವಾಗ ಹೀಗೆ ಒತ್ತಿಕೊಂಡ ಸ್ವರಗಳು ಎದುರಾಗುತ್ತಲೇ ಇರುತ್ತವೆ. ಆದುದರಿಂದ ಮೂಲವನ್ನು ಕೇಳಿಸಿದೆವು. ಹಿರಿಯರು ತಲೆಯಾಡಿಸಿದರು. "ಒಬ್ಬೊಬ್ರು ಒಂದೊಂದು ಸುರುತಿ ಹಿಡ್ಕಂಡವ್ರೆ ಸ್ವಾಮಿ."

ಇದರ ಕಾರಣ ಹೀಗೆ. ಆಧಾರಷಡ್ಜವು ಸೆಕೆಂಡಿಗೆ 240 ಕಂಪನಗಳದೆಂದು ಇಟ್ಟುಕೊಂಡರೆ ಶುದ್ಧರಿಷಭಕ್ಕೆ ಸುಮಾರು 256. ಎರಡನ್ನೂ ಏಕಕಾಲದಲ್ಲಿ ನುಡಿಸಿದರೆ ನಾದವು ಸೆಕೆಂಡಿಗೆ 16 ಸಾರಿ ಉಬ್ಬಿ ಇಳಿಯುತ್ತದೆ. ಕಿವಿಗೆ ಅದು ಒರಟಾಗಿ, ಕಂಪಿಸುತ್ತ ಕೇಳಿಸುತ್ತದೆ. ತಂಬೂರಿ ಕೂಡಿಸುವಾಗ ಈ ಅಲೆ ನಿಂತರೆ ಶ್ರುತಿ ಸೇರಿತೆಂದು ನಾವು ತಿಳಿಯುತ್ತೇವೆ. ಷೋಪ್ ಸೀಮೆಯ ಹೆಂಗಸರಾದರೋ ಆ ಅಲೆ ಏಳಲೆಂದೇ ಹಾಡುತ್ತಾರೆ. ದನಿಗಳು ಗಂಟೆಯಂತೆ ಮೊಳಗಿದರೆ ಅದು ಒಳ್ಳೆಯ ಹಾಡಿಕೆ. ಮನೆಯವರೊಬ್ಬರು ಒಂದು ಉಪಾಯ ಸೂಚಿಸಿದರು. ಒತ್ತಿನವನು ಷಡ್ಜವನ್ನು ಹಿಡಿದಿರುವಾಗ ಮಾಯಾಮಾಳವಗೌಳದ ರಿಷಭದ ಮೇಲೆ ನಾಗಸ್ವರ ನಿಂತರೆ ಆಗುವುದೇನು? ಇದೇ 240, ಇದೇ 256. ಹಿರಿಯರು ಕಣ್ಣು ಮುಚ್ಚಿ ಮೆಲ್ಲನೆ ಆ ರಿಷಭವನ್ನು ಗುನುಗಿ ನೋಡಿದರು. ಮುದ್ರಿಕೆಯನ್ನು ಮತ್ತೊಮ್ಮೆ ಹಾಕಿಸಿದರು. "ನಾವು ಅಲ್ಲಿ ನಿಂತು ಹಿಂದಕ್ಕೆ ಬರ್ತೀವಿ. ಇವ್ರು ಅಲ್ಲೇ ಮನೆ ಕಟ್ಟವ್ರೆ" ಎಂದರು. ಈ ಸಂಗೀತದ ವಿಷಯವಾಗಿ ಪುಸ್ತಕಗಳಲ್ಲಿ ಓದಿದ ಎಷ್ಟೋ ವ್ಯಾಖ್ಯಾನಗಳಿಗಿಂತ ನಮಗೆ ಈ ಮಾತು ಹೆಚ್ಚು ಉಪಯುಕ್ತವಾಯಿತು.

ಗ್ರೀಸಿನ ನಿಕೋಸ್ ಸ್ಕಲ್ಕೋತಾಸ್ ಅವರ ನೃತ್ಯಗಳಿಗೆ ಹೆಚ್ಚು ಸಮಯ ಕೊಡಲಾಗಲಿಲ್ಲ. ಬರ್ಲಿನ್ನಿನಲ್ಲಿ ಷೋನ್‌ಬರ್ಗರ ಬಳಿ ಕಲಿತು 1933ರಲ್ಲಿ ಅಥೆನ್ಸಿಗೆ ಮರಳಿದ ಈ ವಿದ್ವಾಂಸರು ವಾದ್ಯಮೇಳದ ಹಿಂದಿನ ಸಾಲಿನಲ್ಲಿ ಪಿಟೀಲು ನುಡಿಸಿ ಜೀವನ ಸಾಗಿಸಿದರು. 1949ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ರಚನೆಗಳಲ್ಲಿ ಬಹುಪಾಲು ಯಾರೂ ನುಡಿಸದೆ ಉಳಿದಿದ್ದವು.

ಕೊನೆಯದು ಈಚಿನದು. ಸೆರ್ಬಿಯದ ನೋವಿ ಸಾದ್ ನಗರದಲ್ಲಿ 1970ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಲೆಕ್ಸಾಂದ್ರ ವ್ರೆಬಾಲೋವ್ ಎಂಬ ಮಹಿಳೆ ಕ್ರೋನೋಸ್ ಚತುರ್ವಾದ್ಯ ಗೋಷ್ಠಿಗಾಗಿ 2007ರಲ್ಲಿ ರಚಿಸಿದ್ದು. ಈ ಬಿರುಗಾಳಿಯಲ್ಲಿ ನನ್ನನ್ನು ಹಿಡಿದುಕೋ, ನೆರೆಯವನೇ ಎಂಬರ್ಥದ ಹೆಸರು ಅದಕ್ಕೆ. ಅವರ ಊರಿನ ಡ್ಯಾನ್ಯೂಬ್ ಸೇತುವೆಗಳು 1999ರ ಬಾಂಬುದಾಳಿಯಲ್ಲಿ ನದಿಗೆ ಕುಸಿದಿದ್ದವೆಂಬುದನ್ನು ನೆನೆದರೆ ಆ ಹೆಸರು ಬರಿಯ ಅಲಂಕಾರವಾಗಿ ತೋರುವುದಿಲ್ಲ. ಇದರಲ್ಲಿ ಗೋಷ್ಠಿಯ ನಾಲ್ಕು ವಾದ್ಯಗಳ ಜೊತೆಗೆ ಗುಸ್ಲೆ ಮತ್ತು ತಪಾನ್ ಎಂಬ ಎರಡು ನಾಟುವಾದ್ಯಗಳುಂಟು. ಗುಸ್ಲೆ ಕುದುರೆಕೂದಲಿನ ಒಂದೇ ತಂತಿಯದು. ವೀರರ ಕಥೆ ಹಾಡುವವರು ಕಮಾನಿನಿಂದ ನುಡಿಸುವಂಥದು. ತಪಾನ್ ಹೆಗಲಿಗೆ ತಗುಲಿಸಿಕೊಳ್ಳುವ ದೊಡ್ಡ ಚರ್ಮವಾದ್ಯ. ಒಂದು ಕಡೆಗೆ ದಪ್ಪ ಕೋಲು, ಇನ್ನೊಂದು ಕಡೆಗೆ ತೆಳ್ಳನೆಯ ಬರಲು. ಸೆರ್ಬರ ಮಠಗಳ ಗಂಟೆಗಳೂ ಮಸೀದಿಯ ಬಾಂಗೂ ಆ ಕೃತಿಯಲ್ಲಿ ಸೇರಿವೆ. ಒಬ್ಬರನ್ನೊಬ್ಬರು ಕೊಂದ ಎರಡು ಪಕ್ಷಗಳ ನಾದಗಳು ಅಲ್ಲಿ ಒಂದೇ ಪಡಸಾಲೆಯಲ್ಲಿ ಕುಳಿತಿವೆ. ಅವು ಒಂದು ಶ್ರುತಿಗೆ ಸೇರಿದವೇ ಎಂದು ಕೇಳಿದರೆ, ನಮ್ಮ ಕಿವಿಗೆ ಸೇರಿದಂತೆ ಕೇಳಿಸಲಿಲ್ಲ.

ಇದನ್ನು ಕೇಳುವ ಹೊತ್ತಿಗೆ ಹಿರಿಯರು ಹೊಸ್ತಿಲು ಬಿಟ್ಟು ಯಂತ್ರದ ಬಳಿಗೆ ಸರಿದು ಕುಳಿತಿದ್ದರು. ತಪಾನಿನ ತೆಳ್ಳನೆಯ ಬರಲು ಯಾವ ಮರದ್ದೆಂದು ಅವರು ಕೇಳಿದ ಪ್ರಶ್ನೆಗೆ ಪೇಟೆಯಿಂದ ಬಂದ ನಾವು ಯಾರೂ ಉತ್ತರ ಹೇಳಲಾರದೆ ಹೋದೆವು.