ಸ್ಕ್ರೂವಿಗೆ ಕೈ ಹಾಕುವ ಮುನ್ನ

ದಿಲ್ಲಿಗೆ ಚಳಿಗಾಲ ಕಾಲಿಟ್ಟಿತೆಂದರೆ ಕನ್ನಡಿಗರ ಮನೆಗಳಲ್ಲಿ ಎರಡು ವಸ್ತುಗಳು ಮುಷ್ಕರ ಹೂಡುತ್ತವೆ. ಒಂದು, ದೋಸೆಯ ಹಿಟ್ಟು. ಇನ್ನೊಂದು, ಯಜಮಾನರ ಹಳೆಯ ಮೋಟಾರು ಸೈಕಲ್ಲು. ಹಿಟ್ಟಿನ ಉಪಾಯ ಗೃಹಿಣಿಯರಿಗೆ ಗೊತ್ತು. ಪಾತ್ರೆಗೆ ಕಂಬಳಿ ಹೊದಿಸಿ ಬೆಚ್ಚನೆಯ ಮೂಲೆಯಲ್ಲಿಡುತ್ತಾರೆ. ಯಜಮಾನರು ಮಾತ್ರ ಇಪ್ಪತ್ತು ಸಲ ಕಿಕ್ ಒದ್ದು, ಆ ಚಳಿಯಲ್ಲೂ ಬೆವರೊರೆಸಿಕೊಂಡು, ಬೀದಿಯ ಕೊನೆಯ ಮಿಸ್ತ್ರಿಯ ಬಳಿಗೆ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಾರೆ. ಮಿಸ್ತ್ರಿ “ಕಾರ್ಬ್ಯುರೇಟರಿನಲ್ಲಿ ಕಚರಾ” ಎಂದು ತೀರ್ಪು ಕೊಟ್ಟು, ಯಾವುದೋ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುತ್ತಾನೆ. ಗಾಡಿ ಅಂದು ಹೊರಡುತ್ತದೆ. ಏಪ್ರಿಲಿನಲ್ಲಿ ಅದೇ ಗಾಡಿ ಕರಿಹೊಗೆ ಕಾರುತ್ತದೆ, ಪೆಟ್ರೋಲು ಕುಡಿಯುತ್ತದೆ. ಆಗ ಮತ್ತೊಬ್ಬ ಮಿಸ್ತ್ರಿ, ಮತ್ತೊಂದು ಅರ್ಧ ಸುತ್ತು.

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಿಗೆ ಹೆಚ್ಚುಕಡಮೆ ಇಂಜೆಕ್ಷನ್ ಪದ್ಧತಿಯೇ ಬಂದಿದೆ. ಅವುಗಳಿಗೆ ಈ ತಾಪತ್ರಯವಿಲ್ಲ. ಅದಕ್ಕೆ ಹಿಂದಿನ 100, 125 ಸಿ.ಸಿ.ಯ ಗಾಡಿಗಳು ಇನ್ನೂ ಎಷ್ಟೋ ಸಂಸಾರಗಳ ಭಾರ ಹೊರುತ್ತಿವೆ. ಈ ಜಾತಿಯ ಹಿರಿಯಣ್ಣನಾದ ಹೀರೋ ಹೊಂಡಾ ಸಿ.ಡಿ. 100 ಹೊರಬಿದ್ದುದು 1985ರಲ್ಲಿ, ನಮ್ಮ ನೆರೆಯ ಧಾರುಹೇಡಾ ಕಾರ್ಖಾನೆಯಿಂದಲೇ. ಅದರ ತಮ್ಮ ಸ್ಪ್ಲೆಂಡರ್ ಬಂದುದು 1994ರಲ್ಲಿ.

ಕಾರ್ಬ್ಯುರೇಟರೆಂದರೆ ಬ್ರಹ್ಮವಿದ್ಯೆಯೆಂಬ ಭಯ ಬೇಡ. ಹಿಂದೆ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ಕಂಡವರು ಅದರ ತತ್ತ್ವವನ್ನೂ ಕಂಡಂತೆಯೇ. ಎಂಜಿನ್ನು ಉಸಿರೆಳೆದಾಗ ಗಾಳಿ ಒಂದು ಕಿರಿದಾದ ಕೊರಳಿನಲ್ಲಿ ರಭಸದಿಂದ ನುಗ್ಗುತ್ತದೆ. ರಭಸ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟುಗಳೆಂಬ ಹಿತ್ತಾಳೆಯ ಸಣ್ಣ ರಂಧ್ರಗಳ ಮೂಲಕ ಮೇಲೆದ್ದು ತುಂತುರಾಗಿ ಬೆರೆಯುತ್ತದೆ. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ 1893ರಲ್ಲಿ ಹೂಡಿದ ಉಪಾಯ ಇಂದಿಗೂ ಇದೇ. ತೂಕದಲ್ಲಿ 1 ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಎರಡೂ ಲೆಕ್ಕಕ್ಕೆ ಸರಿಯಾಗಿ ಉರಿಯುತ್ತವೆ. ಪೆಟ್ರೋಲು ಹೆಚ್ಚಿದರೆ ಪಾಕ ದಪ್ಪವೆನ್ನೋಣ, ಕಡಮೆಯಾದರೆ ತೆಳು.

ಈಗ ಊರಿನ ವ್ಯತ್ಯಾಸಕ್ಕೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ದಿಲ್ಲಿ 216 ಮೀಟರು. ಬೆಂಗಳೂರಿನ 15 ಡಿಗ್ರಿಯ ಬೆಳಗಿನ ಗಾಳಿಗಿಂತ ದಿಲ್ಲಿಯ 5 ಡಿಗ್ರಿಯ ಜನವರಿಯ ಗಾಳಿ ಸುಮಾರು ಎಂಟರಲ್ಲೊಂದು ಪಾಲು ಹೆಚ್ಚು ಭಾರ. ಗಾಳಿ ಭಾರವಾದಷ್ಟು ಪೆಟ್ರೋಲು ಹೆಚ್ಚಾಗಿ ಏಳುವುದಿಲ್ಲ, ಪಾಕ ತೆಳುವಾಗುತ್ತದೆ. ಮೇಲಾಗಿ ಚಳಿಯಲ್ಲಿ ಪೆಟ್ರೋಲು ಆವಿಯಾಗಲು ಸೋಮಾರಿ. ಮೇ ತಿಂಗಳ 45 ಡಿಗ್ರಿಯಲ್ಲಾದರೋ ದಿಲ್ಲಿಯ ಗಾಳಿ ಹಗುರವಾಗಿ ಬೆಂಗಳೂರಿನದಕ್ಕೇ ಸಮನಾಗುತ್ತದೆ. ಜನವರಿಯಲ್ಲಿ ಸ್ಕ್ರೂ ತಿರುಗಿಸಿ ದಪ್ಪ ಮಾಡಿದ ಪಾಕ ಮೇ ತಿಂಗಳಲ್ಲಿ ಹೊಗೆಯಾಗುವುದು ಇದರಿಂದ. ಚಳಿಗೆ ಮದ್ದು ಸ್ಕ್ರೂ ಅಲ್ಲ, ಚೋಕು. ಗಾಳಿಯ ಬಾಗಿಲನ್ನು ತುಸು ಮುಚ್ಚಿ ಪಾಕವನ್ನು ಕ್ಷಣಕಾಲ ದಪ್ಪ ಮಾಡುವ ಸನ್ನೆ ಅದು. ಬೆಂಗಳೂರು, ಮೈಸೂರುಗಳಲ್ಲಿ ಗಾಡಿ ಕಲಿತವರಲ್ಲಿ ಅನೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಹಿರಿಯರಿಗೆ ನೆನಪಿರಬಹುದು, ಮೈಸೂರಿನಲ್ಲೇ ತಯಾರಾಗುತ್ತಿದ್ದ ಹಳೆಯ ಜಾವಾದಲ್ಲಿ ಈ ಕೆಲಸಕ್ಕೆ ಕಾರ್ಬ್ಯುರೇಟರಿನ ಮೇಲೊಂದು ಗುಂಡಿಯಿತ್ತು. ಪೆಟ್ರೋಲು ಜಿನುಗುವತನಕ ಅದನ್ನೊತ್ತಿ ಒದೆಯುತ್ತಿದ್ದರು. ಚೋಕನ್ನು ಪೂರ್ತಿ ಎಳೆಯಿರಿ, ಆಕ್ಸಿಲರೇಟರನ್ನು ಮುಟ್ಟದೆ ಕಿಕ್ ಒದೆಯಿರಿ, ಎಂಜಿನ್ನು ಬೆಚ್ಚಗಾದೊಡನೆ ಮರೆಯದೆ ಹಿಂದಕ್ಕೆ ತಳ್ಳಿರಿ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಚಳಿಯೆಂದು ಬೇಸ್‌ಮೆಂಟಿನಲ್ಲೋ ಮೆಟ್ಟಿಲ ಕೆಳಗೋ ಬಾಗಿಲು ಮುಚ್ಚಿಕೊಂಡು ಎಂಜಿನ್ನನ್ನು ಓಡಿಸಬೇಡಿ. ದಪ್ಪ ಪಾಕ ಅರೆಬೆಂದು ಕಾರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆದೀತು.

ಚೋಕಿಗೂ ಬಗ್ಗದಿದ್ದರೆ ಆಗ ಪರೀಕ್ಷೆ. ಕಾರ್ಬ್ಯುರೇಟರಿನ ಮೇಲೆ ಹೊರಿಸುವ ಅಪರಾಧಗಳಲ್ಲಿ ಅನೇಕವು ಅದರ ನೆರೆಹೊರೆಯವರದು. ಮೊದಲು ಏರ್ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಮೇ-ಜೂನಿನ ಆಂಧಿ ಹೊತ್ತು ತರುವ ಧೂಳಿನಿಂದ ಅದು ಕಟ್ಟಿಕೊಂಡಿದ್ದರೆ ಪಾಕ ತಾನಾಗಿ ದಪ್ಪವಾಗುತ್ತದೆ. ಬಳಿಕ ಪೆಟ್ರೋಲ್ ಟ್ಯಾಂಕಿನ ಮುಚ್ಚಳ: ಅದರ ಉಸಿರುರಂಧ್ರ ಮುಚ್ಚಿದ್ದರೆ ಗಾಡಿ ಹತ್ತು ನಿಮಿಷ ಓಡಿ ಧೌಲಾ ಕುವಾಂನ ನಡುರಸ್ತೆಯಲ್ಲಿ, ಹಿಂದೆ ಮಗುವನ್ನು ಕೂರಿಸಿಕೊಂಡಿರುವಾಗಲೇ, ನಿಂತುಬಿಡುತ್ತದೆ. ಮುಚ್ಚಳ ತೆರೆದೊಡನೆ ಮತ್ತೆ ಓಡಿದರೆ ಕಳ್ಳ ಸಿಕ್ಕಿದಂತೆ. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರಿನ ಕೊಳವೆ ಬಿರುಕುಬಿಟ್ಟಿದ್ದರೆ ಅಲ್ಲಿ ಕಳ್ಳಗಾಳಿ ನುಗ್ಗುತ್ತದೆ. ಎಂಜಿನ್ನು ನಿಂತಲ್ಲೇ ಓಡುತ್ತಿರುವಾಗ ಅದರ ಮೇಲೆ ಸೋಪಿನ ನೀರು ಚಿಮುಕಿಸಿ. ಸದ್ದು ಬದಲಾದರೆ ದೋಷ ಅಲ್ಲಿದೆ. ಈ ಪರೀಕ್ಷೆಗೆ ಪೆಟ್ರೋಲು ಚಿಮುಕಿಸುವ ಮಿಸ್ತ್ರಿಗಳುಂಟು. ಬಿಸಿ ಎಂಜಿನ್ನಿನ ಮೇಲೆ ಅಂಥ ಸಾಹಸ ಯಾರಿಗೂ ಬೇಡ.

ಆಮೇಲೆ ಸ್ಪಾರ್ಕ್ ಪ್ಲಗ್ಗು. ಒಂದಷ್ಟು ದೂರ ಓಡಿಸಿ, ತಣಿದ ಮೇಲೆ ಬಿಚ್ಚಿ ನೋಡಿರಿ. ಒಣಗಿದ ಕಾಡಿಗೆಯಂತಿದ್ದರೆ ಪಾಕ ದಪ್ಪ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಕಾಫಿಯ ಬಣ್ಣವಿದ್ದರೆ ಸರಿ. ಎಣ್ಣೆಯ ಪಸೆಯಿದ್ದರೆ ಕಾರ್ಬ್ಯುರೇಟರನ್ನು ಬಿಟ್ಟುಬಿಡಿ, ರೋಗ ಎಂಜಿನ್ನಿನ ಒಳಗಿದೆ. ದೋಷ ಎಂಥ ವೇಳೆ ಕಾಣುತ್ತದೆಂಬುದೂ ಮುಖ್ಯ. ನಿಂತಲ್ಲಿ ಆರಿಹೋಗುವುದಾದರೆ ಪೈಲಟ್ ಜೆಟ್ಟನ್ನು ಶಂಕಿಸಿರಿ. ಮಧ್ಯಮ ವೇಗದಲ್ಲಿ ತಡವರಿಸಿದರೆ ನೀಡಲನ್ನು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದಾಗ ಸೊರಗಿದರೆ ಮೇನ್ ಜೆಟ್ಟನ್ನು. ಎಂಜಿನ್ನು ಬಿಸಿಯಾಗಿದ್ದಾಗಲೂ ಚೋಕನ್ನು ಅರ್ಧ ಎಳೆದರೆ ಚೆನ್ನಾಗಿ ಓಡುತ್ತದೆಯೆ? ಹಾಗಾದರೆ ಪಾಕ ತೆಳು, ಸಂಶಯವಿಲ್ಲ.

ಜೆಟ್ಟುಗಳನ್ನು ತೊಳೆಯುವುದಾದರೆ ಕಾರ್ಬ್ಯುರೇಟರ್ ಕ್ಲೀನರು ಹಾಕಿ ಗಾಳಿ ಊದಿಸಿರಿ. ತಂತಿ, ಸೂಜಿ ತೂರಿಸಲೇಬಾರದು. ಹಿತ್ತಾಳೆ ಮೆತು, ಕಣ್ಣಿಗೆ ಕಾಣದಷ್ಟು ಅಗಲವಾದರೂ ರಂಧ್ರ ಕೆಟ್ಟಂತೆಯೇ.

ಇಷ್ಟಾದ ಮೇಲೆ ಸ್ಕ್ರೂವಿನ ಸರದಿ. ಎಂಜಿನ್ನು ಹತ್ತು ನಿಮಿಷ ಓಡಿ ಬಿಸಿಯಾಗಿರಲಿ. ಎರಡು ಸ್ಕ್ರೂಗಳಿರುತ್ತವೆ: ಒಂದು ನಿಂತಲ್ಲಿನ ವೇಗಕ್ಕೆ, ಇನ್ನೊಂದು ಪಾಕಕ್ಕೆ. ಪಾಕದ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯದು, ಒಳಕ್ಕೆ ತಿರುಗಿಸಿದರೆ ಪಾಕ ದಪ್ಪ. ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದರೆ ದಪ್ಪ. ಈ ಭೇದವರಿಯದೆ ತಿರುಗಿಸುವವನು ಜ್ವರಕ್ಕೆ ಶೀತದ ಮದ್ದು ಕೊಟ್ಟಂತೆ. ಎಂಜಿನ್ನು ನಿಲ್ಲಿಸಿ, ಸ್ಕ್ರೂವನ್ನು ಮೆಲ್ಲನೆ ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸುತ್ತ ಸುತ್ತುಗಳನ್ನೆಣಿಸಿ, ಆ ಸಂಖ್ಯೆಯನ್ನು ಬರೆದಿಡಿ. ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಪುನಃ ಅಷ್ಟೇ ಸುತ್ತು ಹೊರಕ್ಕೆ ತಂದು ಎಂಜಿನ್ನನ್ನು ಓಡಿಸಿ, ಕಾಲು ಕಾಲು ಸುತ್ತಾಗಿ ಅತ್ತಿತ್ತ ತಿರುಗಿಸುತ್ತ ಸದ್ದು ಅತ್ಯಂತ ಚುರುಕಾಗುವ ಜಾಗದಲ್ಲಿ ಬಿಡಿ. ಬಳಿಕ ಮೊದಲನೆಯ ಸ್ಕ್ರೂವಿನಿಂದ ವೇಗವನ್ನು ಕೈಪುಸ್ತಕ ಹೇಳುವಷ್ಟಕ್ಕೆ, ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿಗೆ, ಇಳಿಸಿರಿ. ಕೊನೆಗೊಮ್ಮೆ ಹೊಗೆ ಪರೀಕ್ಷೆಯ ಕೇಂದ್ರಕ್ಕೆ ಹೋಗಿಬನ್ನಿ. ಆ ಚೀಟಿಯಿಲ್ಲದೆ ಸಿಕ್ಕಿಬಿದ್ದರೆ 2019ರಿಂದೀಚೆಗೆ ದಂಡ 10,000 ರೂಪಾಯಿವರೆಗೆ. ಅದಕ್ಕಿಂತಲೂ ಮಿಗಿಲಾಗಿ, ನವೆಂಬರಿನಲ್ಲಿ ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ ನಮ್ಮ ಗಾಡಿಯ ಕಾಣಿಕೆ ಎಷ್ಟೆಂಬುದು ತಿಳಿಯುತ್ತದೆ.

ಗಾಡಿಯನ್ನು ಊರಿನಿಂದ ರೈಲಿನಲ್ಲಿ ತರಿಸಿಕೊಳ್ಳುವವರು ಗಮನಿಸಬೇಕಾದುದೊಂದಿದೆ. ಪಾರ್ಸೆಲಿಗೆ ಮುನ್ನ ಟ್ಯಾಂಕನ್ನು ಬರಿದು ಮಾಡಿಸುತ್ತಾರೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲುಳಿದುದು ಮಾತ್ರ ಅಲ್ಲೇ ಇದ್ದು, ಗಾಡಿ ಬಹುದಿನ ನಿಂತರೆ ಅಂಟಾಗಿ ಪೈಲಟ್ ಜೆಟ್ಟನ್ನು ಮುಚ್ಚುತ್ತದೆ. ಬೇಸಗೆಯ ರಜೆಗೆ ಊರಿಗೆ ಹೋಗುವಾಗಲೂ ಇದೇ ಪಾಡು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರ ತನಕ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಮಳೆಗಾಲದಲ್ಲಂತೂ ಹೆಚ್ಚು. ನೀರು ಮಿತಿಮೀರಿದರೆ ಎಥನಾಲಿನೊಡನೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಪೆಟ್ಟಿಗೆ ಕಟ್ಟುವ ದಿನವೇ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಕೆಳಗಿನ ಸ್ಕ್ರೂವನ್ನು ಸಡಲಿಸಿ ಉಳಿದ ತೊಟ್ಟನ್ನೂ ಗಾಜಿನ ಸೀಸೆಗೆ ಹಿಡಿಯಿರಿ. ತಳದಲ್ಲಿ ನೀರಿನ ಗೆರೆ ಕಂಡರೆ ಟ್ಯಾಂಕನ್ನೂ ಖಾಲಿ ಮಾಡಿಸಿಯೇ ರೈಲು ಹತ್ತಿರಿ.