ಎಣ್ಣೆ ಕುಡಿಯುವ ಕಾರು

ಮೋಟಾರು ಕಾರಿಗೆ ಪೆಟ್ರೋಲು ಆಹಾರ, ಎಣ್ಣೆ ಅಭ್ಯಂಜನ ಎಂದು ವಿನೋದವಾಗಿ ಹೇಳಬಹುದು. ಆಹಾರವು ದಿನದಿನವೂ ವೆಚ್ಚವಾಗುವುದು ಸಹಜ. ಅಭ್ಯಂಜನದ ಎಣ್ಣೆಯನ್ನಾದರೋ ಯಾರೂ ಕುಡಿಯುವುದಿಲ್ಲ. ಆದರೆ ಕೆಲವು ಕಾರುಗಳು, ಅದರಲ್ಲಿಯೂ ವೇಗಕ್ಕೆಂದೇ ನಿರ್ಮಿತವಾದ ಸ್ಪೋರ್ಟ್ಸ್ ಕಾರುಗಳು, ಈ ಎಣ್ಣೆಯನ್ನೂ ಕುಡಿಯಲಾರಂಭಿಸುತ್ತವೆ. ಆಗ ಒಡೆಯನಿಗೆ ಎರಡು ಬಗೆಯ ಭಯ ಹುಟ್ಟುವುದು: ಎಂಜಿನ್ನು ಕೆಟ್ಟಿತೆ ಎಂಬುದೊಂದು, ರಿಪೇರಿಗೆ ಎಷ್ಟು ಹಣ ತೆರಬೇಕೋ ಎಂಬುದು ಇನ್ನೊಂದು. ಈ ಎರಡು ಭಯಗಳಿಗೂ ಮದ್ದು ಒಂದೇ. ಅದು ಎಣ್ಣೆಯ ಲೆಕ್ಕ.

ನನ್ನ ಮಿತ್ರರೊಬ್ಬರು ವಕೀಲರು. ವಯಸ್ಸು ಐವತ್ತಾದರೂ ವೇಗದ ಮೋಹ ಕಳೆಯಲಿಲ್ಲ. ಒಬ್ಬರು ಓಡಿಸಿ ಬಿಟ್ಟ, ಇಬ್ಬರು ಮಾತ್ರ ಕುಳಿತುಕೊಳ್ಳಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಒಂದು ಭಾನುವಾರ ಮಡಿಕೇರಿಯಿಂದ ಮರಳಿ ಬರುತ್ತಿರುವಾಗ, ತಿರುವು ಬಂದಾಗಲೆಲ್ಲ ಎದುರಿನ ಕೆಂಪು ದೀಪವೊಂದು ಮಿನುಗಿ ಆರುತ್ತಿತ್ತು. ಗಾಡಿ ನಿಲ್ಲಿಸಿ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಿದರೆ ಕಡ್ಡಿಯ ತುದಿಯಲ್ಲಿ ಎಣ್ಣೆಯ ಪಸೆಯೂ ಇಲ್ಲ! ಮರುದಿನ ರಿಪೇರಿಯವರು ಅರೆನಿಮಿಷ ಹೊಗೆಯನ್ನು ನೋಡಿ, "ರಿಂಗು ಹೋಗಿದೆ ಸ್ವಾಮಿ, ಎಂಜಿನ್ ಬಿಚ್ಚಬೇಕು" ಎಂದರು. ಅವರು ಹೇಳಿದ ಮೊತ್ತ ಕಾರಿನ ಬೆಲೆಯ ಮೂರನೆಯ ಒಂದು ಪಾಲಿನಷ್ಟಿತ್ತು. ನನ್ನ ಮಿತ್ರರು ಕಾರನ್ನು ಬಂದ ಬೆಲೆಗೆ ಮಾರಿಬಿಡುವ ಯೋಚನೆಗೆ ಬಂದರು. ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ.

ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯುವ ಮೊದಲು ಅದು ಎಲ್ಲಿರುತ್ತದೆ ಎಂಬುದನ್ನು ನೋಡೋಣ. ಎಂಜಿನ್ನಿನ ತಳದಲ್ಲಿರುವ ತೊಟ್ಟಿಯಿಂದ ಪಂಪು ಎಣ್ಣೆಯನ್ನೆತ್ತಿ ಬೇರಿಂಗುಗಳಿಗೆ ಒತ್ತಿ ಕಳುಹಿಸುತ್ತದೆ. ಅಲ್ಲಿಂದ ಸಿಡಿಯುವ ಎಣ್ಣೆ ಸಿಲಿಂಡರಿನ ಗೋಡೆಯನ್ನು ತೋಯಿಸುತ್ತದೆ. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗುಗಳು. ಮೇಲಿನೆರಡು ಉರಿಯುವ ಅನಿಲವನ್ನು ತಡೆಯುವುವು. ಕೆಳಗಿನದು ಗೋಡೆಯ ಮೇಲಿನ ಹೆಚ್ಚಿನ ಎಣ್ಣೆಯನ್ನು ಒರೆಸಿ, ಪಿಸ್ಟನ್ನಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ತೊಟ್ಟಿಗೆ ಹಿಂದಿರುಗಿಸುವುದು. ಎಷ್ಟು ಒರೆಸಿದರೂ ತೆಳುವಾದ ಪೊರೆಯೊಂದು ಗೋಡೆಯ ಮೇಲೆ ಉಳಿಯಲೇಬೇಕು. ಉಳಿಯದಿದ್ದರೆ ಲೋಹಕ್ಕೆ ಲೋಹ ತಾಗಿ ಎರಡೂ ಹಾಳಾಗುವುವು. ಆ ಪೊರೆಯ ಒಂದಂಶ ಪ್ರತಿಸಲವೂ ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ಆದುದರಿಂದ ಎಣ್ಣೆಯನ್ನು ಸ್ವಲ್ಪವೂ ಉರಿಸದ ಎಂಜಿನ್ನು ಇಲ್ಲ. ಎಷ್ಟು ಉರಿಸುತ್ತದೆ ಎಂಬುದೇ ಪ್ರಶ್ನೆ.

ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡಿ ನೋಡಬಹುದು. ನಾಲ್ಕು ಸಿಲಿಂಡರಿನ ಕಾರೊಂದು ಗಂಟೆಗೆ 60 ಕಿಲೋಮೀಟರಿನಂತೆ, ನಿಮಿಷಕ್ಕೆ 3000 ಸುತ್ತು ತಿರುಗುತ್ತ 1000 ಕಿಲೋಮೀಟರು ಹೋಯಿತೆನ್ನೋಣ. ಅದಕ್ಕೆ 1000 ನಿಮಿಷ ಹಿಡಿಯುವುದು. ಎಂಜಿನ್ನು 30 ಲಕ್ಷ ಸುತ್ತು ತಿರುಗುವುದು. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲಿಯೂ ಉರಿತವಾಗುವುದರಿಂದ ಒಟ್ಟು 60 ಲಕ್ಷ ಉರಿತಗಳು. ಈ ದೂರದಲ್ಲಿ ಒಂದು ಲೀಟರು ಎಣ್ಣೆ ಕರಗಿದರೆ, ಒಂದು ಮಿಲಿಲೀಟರಿಗೆ 20 ಹನಿಯಂತೆ, ಅದು 20 ಸಾವಿರ ಹನಿ. ಎಂದರೆ 300 ಉರಿತಗಳಿಗೆ ಒಂದು ಹನಿ! ಸಾಸಿವೆ ಕಾಳಿನಷ್ಟು ತಪ್ಪು ಲಕ್ಷಾಂತರ ಸಲ ನಡೆದು ಲೀಟರಾಗುತ್ತದೆ. ಸ್ಪೋರ್ಟ್ಸ್ ಕಾರಿನ ಎಂಜಿನ್ನು 3000 ಸುತ್ತಿಗೆ ನಿಲ್ಲುವುದಿಲ್ಲ. ಏಳೆಂಟು ಸಾವಿರಕ್ಕೆ ಏರುವುದೂ ಉಂಟು. ಆಗ ಉರಿತಗಳ ಸಂಖ್ಯೆ, ಶಾಖ, ಎಣ್ಣೆಯ ಸಿಡಿತ, ಎಲ್ಲವೂ ಹೆಚ್ಚುವುವು. ಆದುದರಿಂದಲೇ, ರಭಸದಿಂದ ಓಡಿಸಿದಾಗ 1000 ಕಿಲೋಮೀಟರಿಗೆ ಒಂದು ಲೀಟರಿನವರೆಗೆ ವೆಚ್ಚವಾದರೂ ಅದು ದೋಷವಲ್ಲವೆಂದು ಕೆಲವು ತಯಾರಕರು ತಮ್ಮ ಕೈಪಿಡಿಗಳಲ್ಲಿ ಬರೆದಿರುವುದುಂಟು.

ಎಣ್ಣೆಯನ್ನು ಬೇಕೆಂದೇ ಉರಿಸುವ ಕಾರೂ ಒಂದಿದೆ. ಜಪಾನಿನ ಮಾಜ್ದಾ ಕಂಪನಿಯವರು 2003 ರಿಂದ 2012 ರವರೆಗೆ ತಯಾರಿಸಿದ ಆರ್‌ಎಕ್ಸ್-8 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಪಿಸ್ಟನ್ನುಗಳೇ ಇಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಮಾದರಿಯಂತೆ, ಮುಕ್ಕೋಣಾಕೃತಿಯ ತಿರುಗಾಲಿಗಳು ಒಳಗೆ ಸುತ್ತುತ್ತವೆ. ಅವುಗಳ ಮೂರು ಮೂಲೆಗಳ ಅಂಚುಪಟ್ಟಿಗಳು ಗೋಡೆಯನ್ನು ಸದಾ ಉಜ್ಜುತ್ತಿರುವುದರಿಂದ, ಅಳತೆಯ ಪಂಪೊಂದು ಒಳಕ್ಕೆ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಡುತ್ತಲೇ ಇರುತ್ತದೆ. ಇಂಥ ಕಾರಿನಲ್ಲಿ ಎಣ್ಣೆ ಇಳಿಯುವುದು ಆರೋಗ್ಯದ ಲಕ್ಷಣ. ಇಳಿಯದಿದ್ದರೆ ಪಂಪು ಕೆಟ್ಟಿತೇನೋ ಎಂದು ಅಂಜಬೇಕು. ಒಂದು ಕಾರಿನ ರೋಗ ಇನ್ನೊಂದು ಕಾರಿನ ಧರ್ಮವೆಂಬುದನ್ನು ಇದರಿಂದ ತಿಳಿಯಬಹುದು. ತಮ್ಮ ಕಾರಿಗೆ ಯಾವ ಮಿತಿಯನ್ನು ಹೇಳಿದೆಯೆಂದು ಕೈಪಿಡಿಯಲ್ಲಿ ನೋಡುವುದೇ ಮೊದಲ ಕೆಲಸ.

ಎರಡನೆಯ ಕೆಲಸ ಅಳತೆ. ಗಾಡಿಯನ್ನು ಸಮತಟ್ಟಾದ ಒಂದೇ ಸ್ಥಳದಲ್ಲಿ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದಂತೆ, ಸಾಮಾನ್ಯವಾಗಿ ಬಿಸಿಯಾದ ಎಂಜಿನ್ನನ್ನು ಆರಿಸಿ ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನೊಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಮೇಲಿನ ಗೆರೆಯವರೆಗೆ ತುಂಬಿಸಿ, ಆ ದಿನದ ಕಿಲೋಮೀಟರನ್ನು ಪುಸ್ತಕದಲ್ಲಿ ಬರೆದಿಡಬೇಕು. ಅನಂತರ ಎಷ್ಟು ಹಾಕಿದೆವು, ಎಷ್ಟು ದೂರಕ್ಕೆ ಹಾಕಿದೆವು ಎಂಬುದನ್ನು ತಪ್ಪದೆ ಗುರುತಿಸಬೇಕು. ಇಂಥ ಲೆಕ್ಕವನ್ನು 1000 ಅಥವಾ 2000 ಕಿಲೋಮೀಟರು ಇಟ್ಟರೆ ಊಹೆಗೆ ಅವಕಾಶವಿರುವುದಿಲ್ಲ. ಇಲ್ಲಿ ಮೋಸ ಹೋಗುವ ಸಂದರ್ಭವೊಂದುಂಟು. ಊರೊಳಗೆ ಚಿಕ್ಕ ಚಿಕ್ಕ ಪಯಣಗಳನ್ನೇ ಮಾಡುವ ಕಾರಿನಲ್ಲಿ ಉರಿಯದ ಪೆಟ್ರೋಲು ಎಣ್ಣೆಯೊಡನೆ ಬೆರೆತು ಮಟ್ಟವನ್ನು ಎತ್ತಿ ಹಿಡಿದಿರುತ್ತದೆ. ದೂರದ ಊರಿಗೆ ಹೊರಟೊಡನೆ ಆ ಪೆಟ್ರೋಲು ಆವಿಯಾಗಿ, ಒಂದೇ ದಿನದಲ್ಲಿ ಎಣ್ಣೆ ಮಾಯವಾದಂತೆ ತೋರುತ್ತದೆ. ಹಾಗೆಯೇ ಮೇಲಿನ ಗೆರೆಯನ್ನು ಮೀರಿ ಸುರಿಯುವುದೂ ತಪ್ಪು. ತಿರುಗುವ ಕ್ರ್ಯಾಂಕು ಆ ಎಣ್ಣೆಯನ್ನು ಕಡೆದು ನೊರೆಯಾಗಿಸುವುದು. ನೊರೆ ಉಸಿರುಕೊಳವೆಯ ಮೂಲಕ ಹೊರಬಿದ್ದು ಉರಿದುಹೋಗುವುದು.

ಆ ಕೆಂಪು ದೀಪದ ವಿಷಯವಾಗಿ ಒಂದು ಎಚ್ಚರಿಕೆ. ಬಹುಮಂದಿ ಅದನ್ನು ಎಣ್ಣೆಯ ಮಟ್ಟವನ್ನು ತಿಳಿಸುವ ದೀಪವೆಂದು ನಂಬಿರುತ್ತಾರೆ. ಹಲವು ಕಾರುಗಳಲ್ಲಿ ಅದು ಎಣ್ಣೆಯ ಒತ್ತಡವನ್ನು ತಿಳಿಸುವ ದೀಪ. ಪಂಪಿನ ಬಾಯಿಗೆ ಎಣ್ಣೆ ಸಿಕ್ಕುತ್ತಿರುವವರೆಗೂ ಒತ್ತಡವಿರುತ್ತದೆ. ದೀಪ ಆರಿಯೇ ಇರುತ್ತದೆ. ಸ್ಪೋರ್ಟ್ಸ್ ಕಾರು ವೇಗವಾಗಿ ತಿರುಗುವಾಗ ತೊಟ್ಟಿಯ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ನುಗ್ಗುವುದು. ಮಟ್ಟ ಕಡಮೆಯಿದ್ದರೆ ಪಂಪಿನ ಬಾಯಿ ಬರಿದಾಗಿ ಗಾಳಿಯನ್ನು ಹೀರುವುದು. ಆ ಕ್ಷಣದಲ್ಲಿ ಬೇರಿಂಗುಗಳು ಒಣಗಿಯೇ ತಿರುಗುತ್ತವೆ. ದೀಪ ಹತ್ತಿದಾಗ ತಿಳಿಯುವುದು ಅಪಾಯ ಬರಲಿದೆ ಎಂದಲ್ಲ, ಬಂದಾಗಿದೆ ಎಂದು. ಕೂಡಲೆ ಎಂಜಿನ್ನನ್ನು ನಿಲ್ಲಿಸಬೇಕು. ಎಣ್ಣೆ ಉರಿಯುವುದರಿಂದ ಎಂಜಿನ್ನು ಒಮ್ಮೆಗೇ ಸಾಯುವುದಿಲ್ಲ; ಇಳಿದುದನ್ನು ಯಾರೂ ನೋಡದಿರುವುದರಿಂದ ಸಾಯುತ್ತದೆ. ಎಣ್ಣೆ ಕುಡಿಯುವ ಕಾರಿರುವವರು ಪೆಟ್ರೋಲು ತುಂಬಿಸಿದಾಗಲೆಲ್ಲ ಕಡ್ಡಿಯನ್ನು ನೋಡುವುದು ಕ್ಷೇಮ.

ಇನ್ನು ಎಣ್ಣೆ ಹೋಗುವ ದಾರಿಗಳನ್ನು ವಿಚಾರ ಮಾಡೋಣ. ಮೊದಲನೆಯದು ಹೊರಗಿನ ಸೋರಿಕೆ. ಗ್ಯಾಸ್ಕೆಟ್ಟುಗಳು, ಕ್ರ್ಯಾಂಕಿನ ಎರಡು ತುದಿಗಳ ಸೀಲುಗಳು, ಎಣ್ಣೆಯ ಫಿಲ್ಟರು, ಇವುಗಳ ಸುತ್ತ ಒದ್ದೆಯಿದೆಯೇ ಎಂದು ನೋಡಬೇಕು. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವುದೂ ಉಂಟು. ಆದಕಾರಣ ನೆಲದ ಮೇಲೆ ಕಲೆಯಿಲ್ಲವೆಂದು ಸಮಾಧಾನಪಡುವಂತಿಲ್ಲ.

ಎರಡನೆಯದು ಉಸಿರಿನ ದಾರಿ. ರಿಂಗುಗಳನ್ನು ದಾಟಿ ಕೆಳಗಿಳಿದ ಅನಿಲವನ್ನು ಹೊರಗೆ ಬಿಡದೆ, ಪಿ.ಸಿ.ವಿ. ಎಂಬ ಸಣ್ಣ ವಾಲ್ವಿನ ಮೂಲಕ ಮತ್ತೆ ಎಂಜಿನ್ನಿಗೇ ಹೀರಿಸುವ ಏರ್ಪಾಡಿದೆ. ಈ ವಾಲ್ವು ತೆರೆದೇ ಅಂಟಿಕೊಂಡರೆ ಅನಿಲದೊಡನೆ ಎಣ್ಣೆಯ ತುಂತುರೂ ಹೀರಲ್ಪಡುವುದು. ಮುಚ್ಚಿಕೊಂಡೇ ಉಳಿದರೆ ಒಳಗೆ ಒತ್ತಡ ಹೆಚ್ಚಿ ಸೀಲುಗಳಿಂದ ಎಣ್ಣೆ ಹೊರಬೀಳುವುದು. ಮೂರನೆಯದು ವಾಲ್ವುಗಳ ಕಾಂಡಕ್ಕೆ ಹಾಕಿರುವ ರಬ್ಬರಿನ ಸೀಲುಗಳು. ಶಾಖದಿಂದ ಇವು ಕಲ್ಲಿನಂತೆ ಗಟ್ಟಿಯಾಗಿ ಎಣ್ಣೆಯನ್ನು ಕೆಳಕ್ಕೆ ಜಾರಗೊಡುವುವು. ನಾಲ್ಕನೆಯದು ರಿಂಗುಗಳು. ಟರ್ಬೋ ಇರುವ ಕಾರಿನಲ್ಲಿ ಅದರ ಸೀಲೂ, ಎಣ್ಣೆ ಹಿಂದಿರುಗುವ ಕೊಳವೆಯೂ ಐದನೆಯದು.

ಯಾವ ದಾರಿಯೆಂಬುದನ್ನು ಹೊಗೆಯ ಬಣ್ಣಕ್ಕಿಂತ ಅದು ಬರುವ ಹೊತ್ತು ಚೆನ್ನಾಗಿ ಹೇಳುವುದು. ಎಣ್ಣೆಯ ಹೊಗೆ ನೀಲಿಬೂದು. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಹೊರಟೊಡನೆ ಒಂದು ಮೋಡವನ್ನುಗುಳಿ ಸುಮ್ಮನಾದರೆ ವಾಲ್ವಿನ ಸೀಲುಗಳ ಮೇಲೆ ಸಂದೇಹ. ಬೆಟ್ಟವನ್ನಿಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಬಹುಮಟ್ಟಿಗೆ ಅದೇ ಕಾರಣ. ಏಕೆಂದರೆ ಗಾಳಿಯ ಬಾಗಿಲು ಮುಚ್ಚಿದಾಗ ಒಳಗೆ ಭಾಗಶಃ ನಿರ್ವಾತವುಂಟಾಗಿ ಎಣ್ಣೆಯನ್ನು ಸೆಳೆಯುತ್ತದೆ. ಏರು ಹತ್ತುವಾಗ, ಭಾರವೆಳೆಯುವಾಗ ಎಡೆಬಿಡದೆ ಹೊಗೆ ಬಂದರೆ ರಿಂಗುಗಳ ಕಡೆ ನೋಡಬೇಕು. ಪೋರ್ಶೆ 911 ರಂತೆ ಸಿಲಿಂಡರುಗಳು ಮಲಗಿಕೊಂಡಿರುವ ಎಂಜಿನ್ನುಗಳಲ್ಲಿ ಮಾತ್ರ, ನಿಂತಾಗ ಎಣ್ಣೆ ಸಿಲಿಂಡರಿಗೆ ಜಿನುಗಿ ಬೆಳಗಿನ ಹೊಗೆ ಒಮ್ಮೊಮ್ಮೆ ಕಾಣಿಸಿಕೊಳ್ಳುವುದು ಅಷ್ಟು ದೊಡ್ಡ ವಿಷಯವಲ್ಲ. ಇದಲ್ಲದೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿಟ್ಟು ನೋಡಬೇಕು. ಒಂದೇ ಪ್ಲಗ್ಗು ಎಣ್ಣೆಯಿಂದ ಕಪ್ಪಾಗಿದ್ದರೆ ದೋಷ ಆ ಸಿಲಿಂಡರಿನದು. ಎಲ್ಲವೂ ಸಮವಾಗಿ ಕಪ್ಪಾಗಿದ್ದರೆ ಉಸಿರಿನ ದಾರಿಯನ್ನೂ ಪರೀಕ್ಷಿಸಬೇಕು.

ಅನಂತರ ಒತ್ತಡದ ಪರೀಕ್ಷೆ. ಸಿಲಿಂಡರಿನ ಒತ್ತಡವನ್ನು ಅಳೆದು, ಒಂದು ಚಮಚ ಎಣ್ಣೆಯನ್ನು ಒಳಗೆ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು ಸವೆದಿದೆಯೆಂದೂ, ಏರದಿದ್ದರೆ ವಾಲ್ವು ಸರಿಯಾಗಿ ಕೂಡುತ್ತಿಲ್ಲವೆಂದೂ ಊಹಿಸಬಹುದು. ಆದರೆ ಒತ್ತಡ ಸರಿಯಾಗಿದ್ದ ಮಾತ್ರಕ್ಕೆ ರಿಂಗುಗಳೆಲ್ಲ ನಿರ್ದೋಷಿಗಳೆನ್ನುವಂತಿಲ್ಲ. ಟೊಯೋಟಾ ಕಂಪನಿಯ ಮೂರನೆಯ ತಲೆಮಾರಿನ ಎಂಆರ್2 ಕಾರು 1999 ರಲ್ಲಿ ಹೊರಬಂದಿತು. ಅದರ ಮೊದಮೊದಲಿನ ಎಂಜಿನ್ನುಗಳ ಪಿಸ್ಟನ್ನಿನಲ್ಲಿ ಎಣ್ಣೆ ಹಿಂದಿರುಗುವ ರಂಧ್ರಗಳು ಸಾಲದಾದುವು. ರಂಧ್ರಗಳಲ್ಲಿ ಎಣ್ಣೆ ಸುಟ್ಟು ಕರಿಕಟ್ಟಿ, ಒರೆಸುವ ರಿಂಗು ತನ್ನ ಗಾಡಿಯಲ್ಲೇ ಅಂಟಿಕೊಳ್ಳುತ್ತಿತ್ತು. ಮೇಲಿನ ರಿಂಗುಗಳು ಚೆನ್ನಾಗಿದ್ದುದರಿಂದ ಒತ್ತಡವೂ ಚೆನ್ನಾಗಿಯೇ ಇರುತ್ತಿತ್ತು. ಕಾರಿನ ಓಟದಲ್ಲಿಯೂ ಕೊರತೆ ತೋರುತ್ತಿರಲಿಲ್ಲ. ಎಣ್ಣೆ ಮಾತ್ರ ಇಳಿಯುತ್ತಿತ್ತು. ಮುಂದೆ ಪಿಸ್ಟನ್ನಿನ ರಚನೆಯನ್ನು ತಿದ್ದಿದರು. ಒಂದೇ ಪರೀಕ್ಷೆಯ ಮಾತನ್ನು ನಂಬಿ ತೀರ್ಪು ಕೊಡಬಾರದೆಂಬುದಕ್ಕೆ ಇದು ನಿದರ್ಶನ.

ಚಿಕಿತ್ಸೆಯಲ್ಲಿ ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಸೋರಿಕೆಯನ್ನು ನಿಲ್ಲಿಸುವುದು, ಪಿ.ಸಿ.ವಿ. ವಾಲ್ವನ್ನು ಬದಲಾಯಿಸುವುದು, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಒಳ್ಳೆಯ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಹಾಕುವುದು, ಇವು ಮೊದಲ ಮೆಟ್ಟಿಲು. ದಪ್ಪ ಎಣ್ಣೆ ಹಾಕಿದರೆ ವೆಚ್ಚ ತಗ್ಗುವುದೆಂದು ಹೇಳುವವರಿದ್ದಾರೆ; ಕೈಪಿಡಿ ಒಪ್ಪುವ ದರ್ಜೆಗಳೊಳಗೆ ದಪ್ಪನೆಯದನ್ನು ಆರಿಸಬಹುದು, ಮೀರಿದರೆ ಚಳಿಯಲ್ಲಿ ಬೇರಿಂಗುಗಳಿಗೆ ಎಣ್ಣೆ ತಲುಪುವುದು ತಡವಾಗುವುದು. ವಾಲ್ವಿನ ಸೀಲುಗಳನ್ನು ಅನೇಕ ಎಂಜಿನ್ನುಗಳಲ್ಲಿ ತಲೆಭಾಗವನ್ನು ಕಳಚದೆಯೇ, ಸಿಲಿಂಡರಿಗೆ ಗಾಳಿಯ ಒತ್ತಡವನ್ನು ಕೊಟ್ಟು ವಾಲ್ವು ಬೀಳದಂತೆ ಹಿಡಿದು ಬದಲಾಯಿಸಬಹುದು. ರಿಂಗು ಮತ್ತು ಪಿಸ್ಟನ್ನುಗಳದು ಕಟ್ಟಕಡೆಯ ಮೆಟ್ಟಿಲು. ಇದಾವುದೂ ಬೇಡವೆಂದು, ಕಾಲಕಾಲಕ್ಕೆ ಎಣ್ಣೆ ಹಾಕಿಕೊಂಡು ನಡೆಸುವುದೂ ವೆಚ್ಚ ಅಲ್ಪವಾಗಿದ್ದಾಗ ವಿವೇಕವೇ. ಆದರೆ ವೆಚ್ಚ ಹೆಚ್ಚಿದ್ದರೆ ಎಣ್ಣೆಯಲ್ಲಿರುವ ರಂಜಕವೂ ಬೂದಿಯೂ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುವು. ಹಿಂದೆ ಬರುವವರು ಆ ಹೊಗೆಯನ್ನು ಉಸಿರಾಡಬೇಕಾಗುವುದು. ಅಂಥಲ್ಲಿ ಉದಾಸೀನ ಸಲ್ಲದು.

ನನ್ನ ವಕೀಲ ಮಿತ್ರರ ವಿಷಯಕ್ಕೆ ಮರಳುತ್ತೇನೆ. ಕಾರನ್ನು ಮಾರುವ ಮೊದಲು ಒಂದು ತಿಂಗಳ ವಾಯಿದೆ ಕೊಡಿರೆಂದು ಅವರನ್ನು ಬೇಡಿಕೊಂಡೆ. ಮಟ್ಟವನ್ನು ಭರ್ತಿಮಾಡಿ, ಅವರ ಕಕ್ಷಿಗಾರರ ದಫ್ತರದ ಪಕ್ಕದಲ್ಲಿಯೇ ಎಣ್ಣೆಯ ದಫ್ತರವನ್ನೂ ತೆರೆಯಿಸಿದೆ. 600 ಕಿಲೋಮೀಟರಿಗೆ ಒಂದು ಲೀಟರೆಂದು ಲೆಕ್ಕ ಬಂದಿತು. ಪ್ಲಗ್ಗುಗಳು ನಾಲ್ಕೂ ಸಮನಾಗಿ ಕಪ್ಪಾಗಿದ್ದುವು. ಒತ್ತಡ ನಾಲ್ಕರಲ್ಲಿಯೂ ಸರಿಯಾಗಿತ್ತು. ಗಾಳಿ ಹೀರುವ ಕೊಳವೆಯೊಳಗೆ ಎಣ್ಣೆ ಮಡುಗಟ್ಟಿತ್ತು. ಪಿ.ಸಿ.ವಿ. ವಾಲ್ವನ್ನು ಬಿಚ್ಚಿ ನೋಡಿದರೆ ಕರಿ ಕಟ್ಟಿ ತೆರೆದೇ ಅಂಟಿಕೊಂಡಿತ್ತು. ಹೆಬ್ಬೆರಳಿನಷ್ಟು ಗಾತ್ರದ ಆ ವಸ್ತುವನ್ನು ಬದಲಾಯಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದರ ಮುಂದಿನ 2000 ಕಿಲೋಮೀಟರಿನಲ್ಲಿ ಒಂದು ಲೀಟರು ಕೂಡ ಬೇಕಾಗಲಿಲ್ಲ. ಎಲ್ಲರಿಗೂ ಇಷ್ಟು ಸುಲಭದ ಫಲ ದೊರಕುವುದೆಂದು ನಾನು ಹೇಳುವುದಿಲ್ಲ. ಅಳತೆ ಮಾಡಿದ ಮೇಲೂ ಎಂಜಿನ್ನನ್ನು ಬಿಚ್ಚಲೇಬೇಕಾಗುವುದುಂಟು. ಆದರೆ ನೆಗಡಿ ಬಂದಿತೆಂದು ಮೂಗು ಕೊಯ್ದುಕೊಳ್ಳುವ ಮೊದಲು ಅದು ನೆಗಡಿಯೇ ಎಂದು ತಿಳಿದುಕೊಳ್ಳುವುದು ಲೇಸು.

ನನ್ನ ಮಿತ್ರರು ಕಾರನ್ನು ಮಾರಲಿಲ್ಲ. ಎಣ್ಣೆಯ ದಫ್ತರವನ್ನು ಮುಚ್ಚಲೂ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿಗೆ ಮುಂಚೆ ಕಡ್ಡಿಯನ್ನೆತ್ತಿ ನೋಡುತ್ತಾರೆ. ತಮ್ಮಲ್ಲಿ ಯಾರಿಗೆ ಇಂಥ ಕಾರಿದೆಯೋ ಅವರು ಈ ಭಾನುವಾರದಿಂದಲೇ ಆ ಪುಸ್ತಕದ ಮೊದಲ ಸಾಲನ್ನು ಬರೆಯಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.